ದ್ರಾಕ್ಷಿ ಎಣ್ಣೆ ಕುಡಿದ ಸ್ಟೇರಿಂಗು

ಈ ಸಂಗತಿ ಬರೆಯಬೇಕೆಂದು ನಾನು ಕೂತದ್ದು ಇದೇ ಮೊದಲಲ್ಲ. ಹಿಂದಿನ ಸಲ ಕೂತಾಗ ಪೆನ್ನು ಸರಿಯಾಗಿ ಬರೆಯುತ್ತಿಲ್ಲವೆಂದು ಎದ್ದೆ. ಅದಕ್ಕೂ ಹಿಂದಿನ ಸಲ, ತೋಟದಲ್ಲಿ ಬಳ್ಳಿ ಕತ್ತರಿಸುವ ಕೆಲಸ ಮುಗಿಯಲಿ ಎಂದುಕೊಂಡೆ. ಅದು ಮುಗಿದ ಮೇಲೆ ಹೂವಾಗಲಿ, ಹೂವಾದ ಮೇಲೆ ಕಾಯಿ ಕಟ್ಟಲಿ, ಕಾಯಿ ಕಟ್ಟಿದ ಮೇಲೆ ಮಾಲು ಒಣಗಲಿ. ದ್ರಾಕ್ಷಿ ತೋಟದಲ್ಲಿ ಕೆಲಸ ಯಾವತ್ತೂ ಮುಗಿಯುವುದಿಲ್ಲ. ಹಾಗಾಗಿ ಬಾಯಿ ಮುಚ್ಚಿಕೊಂಡಿರಲು ನನಗೆ ಯಾವತ್ತೂ ಒಂದು ಮರ್ಯಾದಸ್ಥ ಕಾರಣ ಸಿಕ್ಕಿದೆ.

ನನಗೊಂದು ಚಟವಿದೆ. ತಂಬಾಕು ಬಿಟ್ಟೆ, ಸಕ್ಕರೆ ಚಹಾ ಬಿಟ್ಟೆ, ಇದೊಂದು ಬಿಡಲಾಗಿಲ್ಲ. ಎಲ್ಲಿ ಗಾಡಿ ನಿಂತಿದ್ದರೂ ಬಗ್ಗಿ ಅದರ ಕೆಳಗಿನ ನೆಲ ನೋಡುತ್ತೇನೆ. ಕರಿ ಕಲೆ ಇದ್ದರೆ ಎಂಜಿನ್ ಆಯಿಲ್. ಬರೀ ನೀರಿದ್ದರೆ ಎ.ಸಿ., ಚಿಂತೆಯಿಲ್ಲ. ಕೆಂಪಗೆ, ಬೆರಳಿಗೆ ನುಣ್ಣಗೆ ಹತ್ತಿದರೆ ಅದು ಪವರ್ ಸ್ಟೇರಿಂಗಿನ ಎಣ್ಣೆ.

ಈಚೆಗೆ ವಿಜಯಪುರದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಮಂಗಲ ಕಾರ್ಯಾಲಯದ ಹೊರಗೆ ಸಾಲಾಗಿ ಗಾಡಿಗಳು. ನಾನು ಒಂದರ ಹತ್ತಿರ ಮೊಣಕಾಲು ಹಿಡಿದುಕೊಂಡು ಬಗ್ಗಿದ್ದೆ. ಸಂಬಂಧಿಕರ ಸೊಸೆಯೊಬ್ಬಳು ಬಂದಳು.

“ಏನ ಹುಡುಕಾಕತ್ತೀರಿ ಮಾವಾರ? ಹಲ್ಲಿನ ಸೆಟ್ ಬಿತ್ತೇನ್ರಿ?”

“ಇಲ್ಲವಾ, ಎಣ್ಣಿ ನೋಡಾಕತ್ತೀನಿ.”

“ಎಣ್ಣಿ ಅಡಗಿ ಮನ್ಯಾಗ ಐತ್ರಿ. ಬರ್ರಿ, ಪಂಕ್ತಿ ಕುಂತೈತಿ.”

ಹಿಂದೆಯೇ ನಿಂತಿದ್ದ ನನ್ನ ಹೆಂಡತಿ, “ಬಿಡವಾ, ಅವರದು ಹಂಗ. ಗಾಡಿ ಕೆಳಗ ನೋಡಿದ್ದರಾಗ ಅರ್ಧಾ ನನ್ನ ಮಾರಿ ನೋಡಿದ್ರ ನನ್ನ ಜೀವಾ ಪಾವನ ಆಗತಿತ್ತು” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಗಾಡಿಯ ಕೆಳಗೆ ಕೆಂಪು ಕಲೆ ಇತ್ತು. ಅವತ್ತು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆನೋ ಇಲ್ಲವೋ ನೆನಪಿಲ್ಲ.

ಎಣ್ಣೆಯ ನಂಟು ನನಗೆ ಹುಟ್ಟಿನಿಂದ ಬಂದದ್ದು. ನಾನು ಕಳ್ಳಕವಟಗಿಯವನು. ಅಪ್ಪನ ಎತ್ತಿನ ಗಾಡಿಯ ಕೆಳಗೆ ಕೀಲೆಣ್ಣೆ ತುಂಬಿದ ಕೊಂಬೊಂದು ತೂಗಾಡುತ್ತಿತ್ತು. ಅದರ ವಾಸನೆ ಅಪ್ಪನ ಧೋತರಕ್ಕೆ, ಧೋತರದಿಂದ ನಮ್ಮ ಕೌದಿಗೆ, ಕೌದಿಯಿಂದ ನನ್ನ ಸಾಲಿಯ ಪಾಟಿಚೀಲಕ್ಕೆ ಬರುತ್ತಿತ್ತು. ದಾರಿಯಲ್ಲಿ ಗಾಲಿ ಕಿರ್ ಎಂದರೆ ಅಪ್ಪ, “ಗಾಡಿ ಮಾತಾಡಾಕತ್ತೈತಿ ನೋಡಲೇ” ಎನ್ನುತ್ತಿದ್ದ. ನನಗೆ ಕಿರ್ ಎಂಬುದಷ್ಟೇ ಕೇಳುತ್ತಿತ್ತು. ಮಾತು ಕೇಳಿಸಲಿಲ್ಲ. ಎಸ್ಸೆಸ್ಸೆಲ್ಸಿ ಮೊದಲ ಸಲಕ್ಕೇ ಪಾಸಾದೆ, ದ್ರವಗಳ ಒತ್ತಡದ ಪಾಠ ಬಾಯಿಪಾಠ ಹೇಳಬಲ್ಲವನಾಗಿದ್ದೆ. ಕೇಳಿಸಿಕೊಳ್ಳುವ ಕಿವಿ ಮಾತ್ರ ಬೆಳೆಯಲಿಲ್ಲ.

ಮುಂದೆ ಊರಲ್ಲಿ ದ್ರಾಕ್ಷಿ ಹಚ್ಚಿದೆ, ತಿಕೋಟಾದಲ್ಲಿ ಮನೆ ಮಾಡಿದೆ, ಊರ ಹೊರಗೆ ಮಣೂಕ ಒಣಗಿಸುವ ಶೆಡ್ ಕಟ್ಟಿಸಿದೆ. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅನ್ನುತ್ತೇವೆ. ಮಾಲು ಸಾಗಿಸಲು ಒಂದು ಪಿಕಪ್ ಗಾಡಿ ಕೊಂಡೆ. ಪವರ್ ಸ್ಟೇರಿಂಗಿನ ಗಾಡಿ. ಒಂದು ಬೆರಳಿನಿಂದ ತಿರುಗುತ್ತದೆಂದು ಕಂಡವರಿಗೆಲ್ಲ ತೋರಿಸುತ್ತಿದ್ದೆ. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ನಿಂತ ಗಾಡಿಯಲ್ಲಿ ಕೂತು ತಿರುಗಿಸಿ ತೋರಿಸುತ್ತಿದ್ದೆ.

ಹೀಗೆ ತೋರಿಸುವುದನ್ನು ಬಿಡಿಸಿದವನು ನನ್ನ ಡ್ರೈವರ್. ಘೋಣಸಗಿಯವನು, ನನ್ನ ಮಗನ ವಯಸ್ಸಿನವನು. ಕೆಲಸಕ್ಕೆ ಬಂದ ಮೊದಲ ದಿನವೇ ಗಾಡಿಯ ಮುಂದಿನ ಗಾಜಿನ ಹತ್ತಿರ ಹೆಬ್ಬೆರಳಿನಷ್ಟು ದೊಡ್ಡ ಬುದ್ಧನ ಮೂರ್ತಿ ಇಟ್ಟ. ಎರಡನೇ ದಿನ ನನಗೆ ಬುದ್ಧಿ ಹೇಳಿದ.

“ನಿಂತ ಗಾಡಿ ಸ್ಟೇರಿಂಗ್ ತಿರುವಬ್ಯಾಡ್ರಿ ಸಾವ್ಕಾರ್ರ. ಅದಕ ತ್ರಾಸ ಆಗತೈತಿ.”

“ಕಬ್ಬಣಕ್ಕ ಎಂಥಾ ತ್ರಾಸೋ?”

“ನೀವು ನಿಂತಲ್ಲೇ ನಿಂತು ಸೊಂಟಾ ತಿರುವಿ ನೋಡ್ರಿ, ಗೊತ್ತಾಗತೈತಿ.”

ಅವನು ಗಾಡಿ ಒಂದು ಗೇಣಾದರೂ ಉರುಳಿದ ಮೇಲೆಯೇ ಸ್ಟೇರಿಂಗ್ ಚಕ್ರ ತಿರುಗಿಸುತ್ತಿದ್ದ. ಪೂರ್ತಿ ಒಂದು ಕಡೆಗೆ ಎಳೆದು ಹಿಡಿಯುತ್ತಿರಲಿಲ್ಲ. ತಗ್ಗು ಬಂದರೆ ಅವನ ಕಾಲು, ಕೈ ಎರಡೂ ಮೊದಲೇ ತಿಳಿದುಕೊಂಡಿರುತ್ತಿದ್ದವು. ಮಣೂಕದ ಬಾಕ್ಸುಗಳು ಹೇರಿದಂತೆಯೇ ಇಳಿಯುತ್ತಿದ್ದವು. ಒಮ್ಮೆ ನನ್ನ ಹೆಂಡತಿ ಮೊಸರಿನ ಗಡಿಗೆ ತೊಡೆಯ ಮೇಲಿಟ್ಟುಕೊಂಡು ತಿಕೋಟಾದಿಂದ ವಿಜಯಪುರಕ್ಕೆ ಹೋದಳು. ಇಳಿದಾಗ ಕೆನೆ ಒಡೆದಿರಲಿಲ್ಲ. ಅವಳು ಅದನ್ನು ಇವತ್ತಿಗೂ ಹೇಳುತ್ತಾಳೆ.

ಒಂದು ಸುಗ್ಗಿಯಲ್ಲಿ ಗಾಡಿಯ ಕೆಳಗೆ ಕೆಂಪು ಕಲೆ ಬೀಳತೊಡಗಿತು. ಅಂಗೈ ಅಗಲದ್ದು. ಅವನು ಅಂಗಾತ ಮಲಗಿ ನೋಡಿ ಬಂದ.

“ಎಣ್ಣಿ ವಾಪಸ್ ಬರೂ ಪೈಪಿನ ಕ್ಲಿಪ್ ಸಡ್ಲ ಆಗೈತ್ರಿ, ಹನಿ ಬೀಳಾಕತ್ತಾವು. ವಿಜಯಪುರಕ್ಕ ಹೋದಾಗ ಉಸ್ತಾದನ ಕಡೆ ತೋರಸೂಣು. ಅಲ್ಲೀತನಕಾ ಎಣ್ಣಿ ನಾನು ನೋಡಿ ಹಾಕ್ತೀನ್ರಿ. ನೀವು ಹಾಕಬ್ಯಾಡ್ರಿ.”

ಈ ಕೊನೆಯ ಮಾತು ನನಗೆ ನಾಟಿತು. ನನ್ನ ಗಾಡಿ, ನನ್ನ ಎಣ್ಣೆ, ನಾನು ಹಾಕಬಾರದು. ಮರುದಿನ ನಸುಕಿನಲ್ಲಿ, ಅವನು ಬರುವ ಮೊದಲೇ, ಶೆಡ್ಡಿಗೆ ಹೋದೆ. ಹಲಗೆಯ ಮೇಲೆ ಬಿಳಿ ಕ್ಯಾನುಗಳು ಸಾಲಾಗಿದ್ದವು. ಕನ್ನಡಕ ಮನೆಯಲ್ಲಿತ್ತು. ಒಂದು ಕ್ಯಾನು ತೆಗೆದು ಸ್ಟೇರಿಂಗ್ ಎಣ್ಣೆಯ ಡಬ್ಬಿಗೆ ಸುರಿದೆ, ಮುಚ್ಚಳ ಬಿಗಿದೆ, ಕೈ ಒರೆಸಿಕೊಂಡು ಏನೂ ಆಗದವನಂತೆ ಚಹಾ ಕುಡಿದೆ. ಆ ವಾರದಲ್ಲಿ ಇನ್ನೂ ಒಂದೆರಡು ಸಲ ಹಾಗೇ ಮಾಡಿದೆ. ಬೆಳಿಗ್ಗೆ ಅವನು ಮುಚ್ಚಳ ತೆಗೆದು, “ಎಣ್ಣಿ ಇಳದೇ ಇಲ್ಲಲ್ಲ” ಎಂದು ಆಶ್ಚರ್ಯಪಡುತ್ತಿದ್ದರೆ ನನಗೆ ಒಳಗೊಳಗೆ ಗೆದ್ದಷ್ಟು ಖುಷಿ.

ಮಣೂಕ ಮಾಡುವವರಿಗೆ ಗೊತ್ತು, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಣ್ಣನ್ನು ಬಲೆಯ ಮೇಲೆ ಹರಡುವ ಮೊದಲು ನೀರಿನಲ್ಲಿ ಒಂದು ಪುಡಿ, ಒಂದು ಎಣ್ಣೆ ಕಲಸಿ ಅದ್ದಿ ತೆಗೆಯುತ್ತೇವೆ. ಸಿಪ್ಪೆಯ ಮೇಲಿನ ಮೇಣ ಬಿಟ್ಟು ಹಣ್ಣು ಬೇಗ ಒಣಗುತ್ತದೆ. ಅಂಗಡಿಯವರು ಡಿಪ್ಪಿಂಗ್ ಆಯಿಲ್ ಅನ್ನುತ್ತಾರೆ. ನಮ್ಮ ಆಳುಮಕ್ಕಳ ಬಾಯಲ್ಲಿ ಅದು ದ್ರಾಕ್ಷಿ ಎಣ್ಣೆ. ಶೆಡ್ಡಿನ ಹಲಗೆಯ ಮೇಲೆ ಅದೂ ಬಿಳಿ ಕ್ಯಾನಿನಲ್ಲಿರುತ್ತದೆ.

ವಾರದ ಕೊನೆಗೆ ವಿಜಯಪುರದ ಕೋಲ್ಡ್ ಸ್ಟೋರೇಜಿಗೆ ಮಾಲು ಹೊರಟಿತು. ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗಿ ನಮ್ಮ ಬೀಗರ ಮಾಲನ್ನೂ ಹೇರಿಕೊಂಡೆವು. ಬೀಗರೆಂದರೆ ನನ್ನ ಮಗಳ ಮಾವ. ಬಬಲೇಶ್ವರದ ಒಂದು ಶಾಲೆಯ ಕಮಿಟಿಯಲ್ಲಿದ್ದವರು, ಮಾತಿನಲ್ಲಿ ಚುಚ್ಚುವುದರಲ್ಲಿ ಜಾಣರು. ಅವರೂ ಮುಂದೆ ಕೂತರು. ನಾನು ನಡುವೆ ಸಿಕ್ಕಿಕೊಂಡೆ.

ಸ್ವಲ್ಪ ದೂರ ಹೋದ ಮೇಲೆ ಬೀಗರು ನನ್ನ ಡ್ರೈವರನ ಕೈಯನ್ನೇ ನೋಡುತ್ತ, “ಸಾಲಿ ಬಸ್ಸಿಗೆ ಇಂಥಾವ ಬೇಕ ನೋಡ್ರಿ ನಮಗ. ಈಗಿರಾಂವ ಹುಡುಗೂರನ್ನ ಕಲ್ಲ ಹೇರಿಧಂಗ ಹೇರ್ತಾನ. ಬರತಿಯೇನೋ ತಮ್ಮಾ?” ಎಂದರು.

ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಸಾವ್ಕಾರ್ರು ಹ್ಞೂಂ ಅಂದ್ರ ಬರ್ತೀನ್ರಿ. ಸಂಜೀಕ ಮನಿ ಸೇರಬಹುದು. ನನ್ನ ಮಗಳು ನಾ ಬರೂದ್ರಾಗ ಮಲ್ಕೊಂಡಿರತಾಳ್ರಿ ದಿನಾ.”

ಅವನು ತನಗೆ ಬೇಕಾದುದನ್ನು ಬಾಯಿ ಬಿಟ್ಟು ಹೇಳಿದ್ದು ನಾನು ಕೇಳಿದ್ದು ಅದೊಂದೇ ಸಲ. ನಾನು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಮಾತು ತಿರುಗಿಸಿ, “ಗಾಡಿ ಇಷ್ಟ ಚಲೋ ಇರಾಕ ಡ್ರೈವರ್ ಅಷ್ಟ ಕಾರಣಲ್ರಿ ಬೀಗರ. ಎಣ್ಣಿ, ನೀರು ಎಲ್ಲಾ ನಾನ ಮುಂಜಾನೆದ್ದು ನೋಡ್ತೀನಿ” ಎಂದೆ.

ಆ ಮಾತು ಆಡಿ ಮುಗಿಸಿರಲಿಲ್ಲ. ಬಾನೆಟ್ಟಿನೊಳಗಿಂದ ಕುಂಯ್ ಎಂದು ನಾಯಿಮರಿ ಅತ್ತಂಥ ಸದ್ದು ಬಂತು. ಡ್ರೈವರ್ ಕತ್ತು ವಾರೆ ಮಾಡಿ ಆಲಿಸಿದ. ಮುಂದೆ ತಿರುವು, ತಿರುವಿನಲ್ಲಿ ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರು. ಅವನು ಸ್ಟೇರಿಂಗ್ ತಿರುಗಿಸಿದ. ಅದು ತಿರುಗಲಿಲ್ಲ. ಒಂದು ಬೆರಳಿಗೆ ತಿರುಗುತ್ತಿದ್ದ ಚಕ್ರ ಬೀಸುಕಲ್ಲಿನಂತಾಗಿತ್ತು. ಬೀಗರು ನನ್ನ ತೊಡೆ ಹಿಡಿದುಕೊಂಡರು. ಅವನು ಸೀಟಿನಿಂದ ಅರ್ಧ ಎದ್ದು, ಎರಡೂ ತೋಳು, ಹೆಗಲು, ಬೆನ್ನು ಎಲ್ಲ ಹಾಕಿ ಚಕ್ರ ಎಳೆದ. ಕಾಲು ಬ್ರೇಕಿನ ಮೇಲೆ ಮೆಲ್ಲಗೆ ಊರುತ್ತಿತ್ತು. ಟ್ರ್ಯಾಕ್ಟರಿನ ಕಬ್ಬಿನ ಗರಿ ನಮ್ಮ ಕನ್ನಡಿ ಸವರಿಕೊಂಡು ಹೋಯಿತು. ಹಿಂದೆ ಒಂದು ಬಾಕ್ಸೂ ಉರುಳಲಿಲ್ಲ.

“ಏನೂ ಆಗಿಲ್ರಿ, ಸ್ಟೇರಿಂಗ್ ಬಿಗಿ ಆಗೈತಿ ಅಷ್ಟ” ಎಂದ. ಅಂಗಿ ಬೆನ್ನಿಗೆ ಅಂಟಿತ್ತು. ಅಲ್ಲಿಂದ ವಿಜಯಪುರದ ಬಬಲೇಶ್ವರ ನಾಕಾದವರೆಗೆ, ಹೊರೆ ಹೊತ್ತವನು ಹೆಜ್ಜೆ ಇಡುವ ಹಾಗೆ, ಒಂದೊಂದು ತಿರುವನ್ನೂ ತೋಳಿನಿಂದ ಎತ್ತಿ ಎತ್ತಿ ಗಾಡಿ ತಂದ.

ನಾಕಾದ ಹತ್ತಿರ ನಮ್ಮ ಉಸ್ತಾದನ ಗ್ಯಾರೇಜು. ವಿನಯವೆಂಬುದನ್ನು ಉಸ್ತಾದ ಕಂಡವನಲ್ಲ. ಗಾಡಿಯ ರೋಗ ಕಂಡುಹಿಡಿಯುವ ಮೊದಲೇ ತನ್ನನ್ನು ಹೊಗಳಿಕೊಳ್ಳುತ್ತಿದ್ದ. ಆದರೆ ಹೊಗಳಿಕೊಂಡಷ್ಟೂ ಕೆಲಸ ಮಾಡುತ್ತಿದ್ದ, ಹಾಗಾಗಿ ಕೇಳಲು ಹಿತವಾಗಿರುತ್ತಿತ್ತು. ಅವತ್ತು ಗಾಡಿಯ ಅಡಿಯೆಲ್ಲ ಎಣ್ಣೆಯಿಂದ ತೊಯ್ದು ತೊಟ್ಟಿಕ್ಕುತ್ತಿತ್ತು.

“ಎಲ್ಲಾ ಕಡೆ ಹಸಿ ಐತಂದ್ರ ಎಲ್ಲಾ ಕಡೆ ಸೋರತೈತಿ ಅಂತಲ್ಲ ಕಾಕಾ” ಎಂದು ಶುರು ಮಾಡಿದ. “ಬ್ಯಾರೇದವ್ರು ಆಗಿದ್ರ ಪಂಪ ಬಿಚ್ಚಿ ಬಿಲ್ ಮಾಡ್ತಿದ್ರು. ನಾನು ಮೊದಲ ಅದರ ಮಾರಿ ತೊಳೀತೀನಿ.”

ಡೀಸೆಲ್ಲಿನಿಂದ ಪಂಪು, ಪೈಪು, ಸ್ಟೇರಿಂಗ್ ಬಾಕ್ಸು ಎಲ್ಲ ತೊಳೆದ. ಗಾಳಿ ಹೊಡೆದು ಒಣಗಿಸಿದ. ಆಮೇಲೆ ಗೋಡೆಯ ಗೂಡಿನಿಂದ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತೆಗೆದು ಎಲ್ಲದರ ಮೇಲೆ ಉದುರಿಸಿದ. ಗಾಡಿ ಮದುಮಗಳ ಹಾಗೆ ಘಮಘಮಿಸಿತು. ಸ್ವಲ್ಪ ಹೊಸ ಎಣ್ಣೆ ಹಾಕಿ, ಎಂಜಿನ್ ಚಾಲೂ ಮಾಡಿಸಿ, ನನ್ನ ಡ್ರೈವರನಿಗೆ ಚಕ್ರವನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಲು ಹೇಳಿದ. ಬಿಳಿ ಪೌಡರಿನ ಮೇಲೆ ಸೋರಿಕೆ ತಾನೇ ಗೆರೆ ಎಳೆಯಿತು. ಪೈಪಿನ ಕ್ಲಿಪ್ಪಿನ ಹತ್ತಿರ ಒಂದು ಸಣ್ಣ ಗೆರೆ. ಪಂಪಿನ ಸೀಲಿನಿಂದ ಒಂದು, ಬಾಕ್ಸಿನ ಸೀಲಿನಿಂದ ಒಂದು, ಎರಡು ದಪ್ಪ ಗೆರೆಗಳು.

ಬಾಯಿಪಾಠ ಮಾಡಿದ ದ್ರವಗಳ ಒತ್ತಡವನ್ನು ನಾನು ಕಣ್ಣಾರೆ ಕಂಡದ್ದು ಅವತ್ತು. ನೋಡುತ್ತ ನಿಂತವನಿಗೆ ಹೆದರಿಕೆಯೂ ಮರೆತುಹೋಗಿತ್ತು.

ಉಸ್ತಾದ ಸೀಲು ಬಿಚ್ಚಿ ಅಂಗೈಯಲ್ಲಿ ಹಿಡಿದ. ಗಟ್ಟಿಯಾಗಿರಬೇಕಾದ ರಬ್ಬರು ನೆನೆದ ಕಡಲೆಯಂತೆ ಉಬ್ಬಿ ಮೆತ್ತಗಾಗಿತ್ತು. ಬಸಿದ ಎಣ್ಣೆಯಲ್ಲಿ ಬೆರಳದ್ದಿ ಮೂಸಿದ. ಮತ್ತೆ ಮೂಸಿದ.

“ಇದು ಸ್ಟೇರಿಂಗ್ ಎಣ್ಣಿ ಅಲ್ಲ. ಕೆಂಪ ಇರಬೇಕಾದದ್ದು ಗುಲಾಬಿ ಆಗೈತಿ. ವಾಸನಿ ನೋಡ್ರಿ, ಮಣೂಕ ಶೆಡ್ಡಿಂದು. ಯಾರ್ರೀ ಪುಣ್ಯಾತ್ಮ ಇದರಾಗ ದ್ರಾಕ್ಷಿ ಎಣ್ಣಿ ಸುರದಾಂವ?”

ಆ ಕ್ಷಣದಲ್ಲೇ ನನಗೆ ಗೊತ್ತಾಯಿತು. ಗೊತ್ತಿರಲಿಲ್ಲ ಎಂದು ಇವತ್ತು ಬರೆದರೆ ಯಾರೂ ತಪ್ಪು ಹಿಡಿಯಲಾರರು, ಆದರೆ ಗೊತ್ತಾಯಿತು. ನಸುಕು, ಬಿಳಿ ಕ್ಯಾನು, ಕೈಗೆ ಹತ್ತಿದ ವಾಸನೆ, ಎಲ್ಲ ಒಟ್ಟಿಗೆ ನೆನಪಾದವು. ಪಕ್ಕದಲ್ಲಿ ಬೀಗರು ನಿಂತಿದ್ದರು. ಎಣ್ಣೆ, ನೀರು ನಾನೇ ನೋಡುತ್ತೇನೆಂದು ಅವರಿಗೆ ಹೇಳಿ ಅರ್ಧ ದಿನವೂ ಆಗಿರಲಿಲ್ಲ. ಅವರು ತುಟಿಯ ಮೂಲೆಯಲ್ಲಿ ನಗುತ್ತ ನನ್ನ ಕಡೆ ತಿರುಗಿದರು. ಮಗಳ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಈ ಮಾತು ತಾಟಿಗೆ ಬೀಳುತ್ತದೆಂದು ನನಗೆ ಕಂಡಿತು.

“ನಂಗೇನ ಗೊತ್ತು” ಎಂದೆ. “ಗಾಡಿ ಇವನ ಕೈಯಾಗ ಇರತೈತಿ. ಇವನ್ನ ಕೇಳ್ರಿ.”

ನನ್ನ ಡ್ರೈವರ್ ಸೀಟಿನಲ್ಲೇ ಕೂತಿದ್ದ. ನನ್ನ ಮುಖ ನೋಡಿದ. ಅಷ್ಟು ದಿನ ಎಣ್ಣೆ ಯಾಕೆ ಇಳಿದಿರಲಿಲ್ಲವೆಂಬುದು ಅವನಿಗೆ ಅರ್ಥವಾದದ್ದು ನನಗೆ ಕಾಣಿಸಿತು. ಆಮೇಲೆ ಬೀಗರ ಮುಖ ನೋಡಿದ.

“ಹೌದ್ರಿ ಉಸ್ತಾದ್” ಎಂದ. “ಕ್ಯಾನ ಅದಲಬದಲ ಆಗಿರಬೇಕು. ನನ್ನ ಕಡಿಂದ ತಪ್ಪಾತು.”

ಉಸ್ತಾದನಿಗೆ ನಗು ತಡೆಯಲಿಲ್ಲ. “ಲೇ, ಗಾಡೀನ ಮಣೂಕ ಮಾಡಿ ಮಾರೂದಿತ್ತೇನೋ?” ಎಂದ. ಗ್ಯಾರೇಜೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಬೀಗರು ನಕ್ಕರು. ಅವನ ಊರು ಯಾವುದು, ಮನೆ ಯಾವ ಓಣಿ ಎಂಬುದು ಅಲ್ಲಿದ್ದವರಿಗೆ ಗೊತ್ತಿತ್ತು. ನನ್ನ ತೋಟ, ಶೆಡ್ಡು ಎಷ್ಟೆಂಬುದೂ ಗೊತ್ತಿತ್ತು. ಹಾಗಾಗಿ ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ನನ್ನ ಮಾತೇ ಗಟ್ಟಿಯಾಗಿ ನಿಲ್ಲುತ್ತದೆಂದು ನನಗೂ ಗೊತ್ತಿತ್ತು.

ರಿಪೇರಿ ಸಂಜೆತನಕ ನಡೆಯಿತು. ಹಳೆಯ ಎಣ್ಣೆಯನ್ನು ಪೂರ್ತಿ ಬಸಿದು, ಹೊಸ ಎಣ್ಣೆಯಿಂದ ಎರಡು ಸಲ ಒಳಗೆಲ್ಲ ತೊಳೆದರು. ಸೀಲು, ಪೈಪು, ಕ್ಲಿಪ್ಪು ಹೊಸವು ಬಂದವು. ಕೊನೆಗೆ ಒಳಗಿನ ಗಾಳಿ ತೆಗೆಯಬೇಕು. ಜಾಕಿನಿಂದ ಮುಂದಿನ ಗಾಲಿಗಳನ್ನು ಎತ್ತಿ, ಎಂಜಿನ್ ಬಂದ್ ಇಟ್ಟು, ಚಕ್ರವನ್ನು ಈ ಕೊನೆಯಿಂದ ಆ ಕೊನೆಗೆ ಮೆಲ್ಲಗೆ ತಿರುಗಿಸುತ್ತ ಹೋಗಬೇಕು. ಎಣ್ಣೆಯ ಡಬ್ಬಿಯಲ್ಲಿ ಗುಳ್ಳೆಗಳು ಬಂದು ಬಂದು ನಿಲ್ಲಬೇಕು. ಅವಸರ ಮಾಡಿದರೆ ನೊರೆಯೇಳುತ್ತದೆ. ಆ ಕೆಲಸ ನನ್ನ ಡ್ರೈವರ್ ಮಾಡಿದ. ಎಲ್ಲರೂ ನಕ್ಕು ಹೋದ ಮೇಲೆ, ಮುಖ ಸಪ್ಪಗಿದ್ದರೂ, ಅವನ ಕೈ ಮಾತ್ರ ತೊಟ್ಟಿಲು ತೂಗಿದಂತೆ ಹೋಗಿ ಬರುತ್ತಿತ್ತು. ಡಬ್ಬಿಯೊಳಗೆ ನೋಡುತ್ತಿದ್ದ ಉಸ್ತಾದ ತನ್ನ ಹೊಗಳಿಕೆಯನ್ನೇ ನಿಲ್ಲಿಸಿ, “ಕೈ ಭಾರೀ ಐತಿ ಇವಂದು. ಇಂಥಾ ಕೈ ಇದ್ದಾಂವ ಎಣ್ಣಿ ಹ್ಯಾಂಗ ತಪ್ಪಿದ?” ಎಂದು ನನ್ನನ್ನು ನೋಡಿದ. ನಾನು ಹೊರಗೆ ಹೋಗಿ ನಿಂತೆ.

ಬೀಗರು ಬಸ್ಸು ಹಿಡಿದರು; ಮಾಲು ಕೋಲ್ಡ್ ಸ್ಟೋರೇಜಿಗೆ ಇಳಿಸಿ ತಿಕೋಟಾಕ್ಕೆ ಮರಳುವಾಗ ನಾನು, ಡ್ರೈವರ್ ಇಬ್ಬರೇ. ದಾರಿಯುದ್ದಕ್ಕೂ ಅವನು ಏನಾದರೂ ಅನ್ನಲಿ ಎಂದು ಕಾದೆ. ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ, ಸೀದಾ ಹಲಗೆಯ ಹತ್ತಿರ ಹೋಗಿ, ಕಿಟಕಿಗೆ ಕಟ್ಟಿದ್ದ ಕೆಂಪು ಬಟ್ಟೆಯ ಚೂರು ಹರಿದು ಸ್ಟೇರಿಂಗ್ ಎಣ್ಣೆಯ ಕ್ಯಾನಿನ ಕುತ್ತಿಗೆಗೆ ಬಿಗಿದ.

“ಇನ್ನ ಕನ್ನಡಕ ಇಲ್ದಿದ್ರೂ ಗೊತ್ತಾಗತೈತ್ರಿ ಸಾವ್ಕಾರ್ರ” ಎಂದು ಮನೆಗೆ ಹೋದ.

ಅವತ್ತು ನಾನು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

ಬೀಗರು ಕಥೆಯನ್ನು ಬಬಲೇಶ್ವರಕ್ಕೆ ಒಯ್ದರು. ಅಲ್ಲಿಂದ ಮಾಲಿನ ಗಾಡಿಗಳ ಜೊತೆ ಅದು ತಿಕೋಟಾದ ಚಹಾ ಅಂಗಡಿಗೂ ಬಂತು. ಅವನಿಗೆ ‘ಮಣೂಕ’ ಎಂದು ಹೆಸರಾಯಿತು. ಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. “ಏ ಮಣೂಕ, ಚಾ ಕುಡಿ ಬಾರಲೇ. ಚಾನ ಹಾಕೀನಿ, ಎಣ್ಣಿ ಹಾಕಿಲ್ಲ.” ಅವನು ನಕ್ಕು ಕುಡಿಯುತ್ತಿದ್ದ. ಶಾಲೆಯ ಬಸ್ಸಿನ ಮಾತು ಬೀಗರು ಮತ್ತೆ ಎತ್ತಲಿಲ್ಲ. ನಾನೇ ಒಮ್ಮೆ ಕೇಳಿದಾಗ, “ಹುಡುಗೂರ ಗಾಡಿ ಐತ್ರಿ ಬೀಗರ. ಸ್ಟೇರಿಂಗಿಗೆ ಏನ ಹಾಕಬೇಕಂತ ತಿಳೀದಾವನ ಕೈಯಾಗ ಕೊಡಾಕ ಧೈರ್ಯ ಆಗವಲ್ದು” ಎಂದರು. ನಾನು ತಲೆಯಾಡಿಸಿದೆ. ಒಳಗೆ ಎಲ್ಲೋ ಒಂದು ಕಡೆ, ಅವನು ನನ್ನ ಹತ್ತಿರವೇ ಉಳಿದನಲ್ಲ ಎಂಬ ಸಮಾಧಾನವೂ ಆಯಿತು. ಬರೆಯಲು ಅತ್ಯಂತ ನಾಚಿಕೆಯಾಗುವುದು ಈ ಸಾಲು.

ಬಹಳ ದಿನ ಉಳಿಯಲಿಲ್ಲ. ಮುಂದಿನ ಸುಗ್ಗಿಯ ಹೊತ್ತಿಗೆ ಮೀರಜ್ ಕಡೆ ದೂರದ ಲಾರಿಗೆ ಹೋದ. ವಾರಗಟ್ಟಲೆ ಮನೆ ಕಾಣದ ಕೆಲಸ. ಮಗಳು ಮಲಗುವ ಮೊದಲು ಮನೆ ಸೇರಬೇಕೆಂದವನು ಅವಳು ಬೆಳೆದು ಮದುವೆಯಾಗಿ ಹೋಗುವ ತನಕ ರಸ್ತೆಯಲ್ಲಿದ್ದ. ಈಗ ಘೋಣಸಗಿಗೆ ಮರಳಿ ಬಂದು, ಯಾರದೋ ತೋಟದ ಟ್ರ್ಯಾಕ್ಟರು ಹೊಡೆಯುತ್ತಾನೆ. ತಿಕೋಟಾದ ಬಸ್ ಸ್ಟ್ಯಾಂಡಿನಲ್ಲಿ ಕಾಣುತ್ತಾನೆ. “ಆರಾಮ ಅದೀರಿಲ್ರಿ ಸಾವ್ಕಾರ್ರ? ಅವ್ವಾರು ಆರಾಮ?” ಎಂದು ಅವನೇ ಮೊದಲು ಮಾತಾಡಿಸುತ್ತಾನೆ. ನಾನು ಮೋಡದ ಬಗ್ಗೆ, ಆಲಿಕಲ್ಲಿನ ಬಗ್ಗೆ ಮಾತಾಡುತ್ತೇನೆ. ಬಸ್ಸು ಬರುತ್ತದೆ.

ಮೊದಲಿಗೆ ಹೇಳಿದೆನಲ್ಲ, ಆ ಮದುವೆಯಿಂದ ಬಂದ ವಾರ ನಾನು ಬಬಲೇಶ್ವರಕ್ಕೆ ಹೋದೆ. ಅವನೆದುರು ಬಾಯಿ ಬರದವನು ಬೀಗರೆದುರಾದರೂ ಹೇಳಿನೋಡೋಣ ಎಂದುಕೊಂಡೆ. ಅವರಿಗೂ ವಯಸ್ಸಾಗಿದೆ, ಕಟ್ಟೆಯ ಮೇಲೆ ಕೂತಿದ್ದರು. ನೀರು ಕುಡಿಯುವ ಮೊದಲೇ ಹೇಳಿದೆ.

“ಬೀಗರ, ಅವತ್ತ ಸ್ಟೇರಿಂಗಿನಾಗ ದ್ರಾಕ್ಷಿ ಎಣ್ಣಿ ಹಾಕಿದಾಂವ ನಾನು.”

ಅವರಿಗೆ ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಆ ಕಾಲದಲ್ಲಿ ಅಷ್ಟು ಹೆದರಿದ್ದ ನಗು ಅದು. ಬಂದು ಹೋಯಿತು, ನನಗೇನೂ ಆಗಲಿಲ್ಲ. ಇಷ್ಟಕ್ಕಾಗಿಯೇ ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು ಎನ್ನಿಸಿತು.

ನಗು ನಿಂತ ಮೇಲೆ ಅವರು ಕಣ್ಣೊರೆಸಿಕೊಂಡರು. “ಹಂಗಾದ್ರ ಆ ತಿರುವಿನಾಗ ನಮ್ಮಿಬ್ಬರ ಜೀವಾ ಉಳಿಸಿದಾಂವನ್ನ ನಾವು ಸಾಲಿ ಬಸ್ಸಿಗೆ ಬ್ಯಾಡ ಅಂದ್ವಿ” ಎಂದರು.

“ಹೌದ್ರಿ.”

“ಪಾಪ, ಮಣೂಕ.” ನನ್ನ ಕಡೆ ತಿರುಗಿ, “ಅವನ ಖರೇ ಹೆಸರ ಏನ್ರಿ? ನಂಗ ಗೊತ್ತ ಇಲ್ಲ ನೋಡ್ರಿ” ಎಂದರು.

ಆ ಪ್ರಶ್ನೆಯಲ್ಲಿ ಚುಚ್ಚು ಇರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ತಿಕೋಟಾದ ಚಹಾ ಅಂಗಡಿಯಲ್ಲಿ ಕೂರುವ ಎಷ್ಟೋ ಜನರಿಗೂ ಗೊತ್ತಿಲ್ಲ. ಅವನ ಹೆಸರನ್ನು ಅಳಿಸಿದವನು ನಾನು.

ಅವರಿಗೆ ಹೇಳಿದೆ. ಅವನ ಮುಂದೆ ನಿಂತು ಕ್ಷಮೆ ಕೇಳುವ ಧೈರ್ಯ ಈ ವಯಸ್ಸಿನಲ್ಲೂ ನನಗೆ ಬಂದಿಲ್ಲ, ಬಂದೀತೆಂದು ಸುಳ್ಳು ಭರವಸೆ ಕೊಡಲಾರೆ. ಇಷ್ಟು ಮಾತ್ರ ನನ್ನ ಕೈಯಲ್ಲಿದೆ: ಅವನ ಹೆಸರು ಯಶವಂತ. ಘೋಣಸಗಿಯ ಭೀಮಪ್ಪನ ಮಗ ಯಶವಂತ.